ಒತ್ತಕ್ಷರಕ್ಕೆ ಜಾಗ

ಮಂಗಳವಾರ ಮಾತ್ರ ನಾನು ಮಿಸ್ರಿಯಾಳ ಟೀಚರ್.
ಉಳಿದ ದಿನ ಉಳಿದ ನಾಲ್ಕು ಶಾಲೆಗೆ ಸಲ್ಲಬೇಕು.
ಹಾಜರಿ ಪುಸ್ತಕದ ಅಡಿಯ ಸಾಲಿನಲ್ಲಿ ನನ್ನ ಹೆಸರು,
ಅದೂ ಪೆನ್ಸಿಲಿನಲ್ಲಿ;
ಮಾರ್ಚ್ ಮೂವತ್ತೊಂದಕ್ಕೆ ಒರಸುವಾಗ ಪುಟ ಹರಿಯಬಾರದಲ್ಲ.

ಧರ್ಮತ್ತಡ್ಕದಲ್ಲಿ ಬಸ್ಸಿಳಿದು
ಮುರಕಲ್ಲಿನ ಪದವು ದಾಟಿ ನಡೆಯಬೇಕು.
ಚೀಲದಲ್ಲಿ ಸ್ಲೇಟು. ಸ್ಲೇಟೆಂದರೆ ಕರಿಹಲಗೆಯಲ್ಲ,
ಸಾಲುಸಾಲು ಪುಟ್ಟ ಕಿಟಕಿ ಕೊರೆದ ತಗಡು;
ಜೊತೆಗೊಂದು ಮೊಂಡು ಸೂಜಿ.
ಬಲದಿಂದ ಎಡಕ್ಕೆ ಚುಚ್ಚಬೇಕು,
ಕಾಗದ ಮಗುಚಿ ಎಡದಿಂದ ಬಲಕ್ಕೆ ಓದಬೇಕು.
ಕಲಿಯುವಾಗ ನನಗೇ ತಲೆ ತಿರುಗಿತ್ತು.
ಅವಳಿಗೆ ಎರಡೇ ವಾರ.
ಮದ್ರಸದಲ್ಲಿ ತಮ್ಮ ಅವಳ ಬೆರಳು ಹಿಡಿದು
ಪುಟದ ಮೇಲೆ ಬಲದಿಂದ ಎಡಕ್ಕೆ ನಡೆಸುತ್ತಿದ್ದನಂತೆ.
ಬೆರಳಿಗೆ ಏನೂ ತಾಗದಿದ್ದರೂ
ದಾರಿ ಗೊತ್ತುಂಟು ಅವಳಿಗೆ.

ಪುಸ್ತಕ ಬರುತ್ತದೆ ಅಂದಿದ್ದರು ಜೂನಿನಲ್ಲಿ.
ಬಂತು, ಫೆಬ್ರವರಿಗೆ.
ಕಟ್ಟನ್ನು ಅವಳೇ ಬಿಚ್ಚಲಿ ಎಂದು ಕೈಗೆ ಕೊಟ್ಟೆ.
ಮೂರು ಸಾಲು ಬೆರಳಾಡಿಸಿ ನಿಂತಳು:
"ಅಕ್ಷರ ಎಲ್ಲ ಗೊತ್ತುಂಟು ಟೀಚರ್.
ಮಾತು ಮಾತ್ರ ಮಲಯಾಳ."
ಬಿಳಿ ಕಾಗದದ ಬಿಳಿ ಚುಕ್ಕೆಗಳಲ್ಲಿ
ಯಾವ ಭಾಷೆ ಎಂದು
ಕಣ್ಣಿದ್ದ ಆಫೀಸಿಗೆ ಹೊಳೆದಿರಲಿಲ್ಲ.

ಹಾಗಾಗಿ ಮೂರನೆಯ ಕ್ಲಾಸಿನ ಕನ್ನಡ ಪಾಠ
ಮದುವೆ ಕಾಗದಗಳ ಹಿಂಬದಿಯಲ್ಲಿದೆ.
ದಪ್ಪ ಕಾಗದ, ಚುಕ್ಕೆ ಕೂತರೆ ಏಳುವುದಿಲ್ಲ.
ತಂದುಕೊಡುವವಳು ಅಡುಗೆಯ ಬೇಬಿಯಕ್ಕ;
ಊರಿನ ಅರ್ಧ ಮದುವೆಗಳು ಅವಳ ತಂಗೀಸು ಚೀಲದಲ್ಲಿ.
ವರ ಯಾರು, ವಧು ಯಾರ ಮಗಳು,
ಊಟಕ್ಕೆ ಎಂತ ಇತ್ತು, ಎಲ್ಲ ಹೇಳಿಯೇ ಕೊಡುವುದು.
ಒಮ್ಮೆ ಪಾಠದ ನಡುವೆ ಮಿಸ್ರಿಯಾ ತಡವರಿಸಿದಳು.
"ಇಲ್ಲಿ ತುಂಬ ಬರೆದುಂಟು, ಒಂದೂ ಅರ್ಥವಾಗುವುದಿಲ್ಲ."
ನೋಡಿದರೆ ಆ ಬದಿಯ ಉಬ್ಬುಚಿತ್ರ.
"ಅದು ನವಿಲು."
"ಹೌದಾ? ಹಾಗಾದರೆ ನವಿಲು ದಾಟಿ ಓದ್ತೇನೆ."

ಮೊಟ್ಟೆಯ ಟ್ರೇ ಆರು ಗುಳಿಗೆ ಕತ್ತರಿಸಿದ್ದೂ ಬೇಬಿಯಕ್ಕನೇ.
ಗುಳಿಗೆ ಹುಣಸೆಬೀಜ ಹಾಕುತ್ತ, ತೆಗೆಯುತ್ತ
ಅಕ್ಷರ ಕಟ್ಟುವುದು.
ಮೊದಲು ಯಾವ ಪದ ಬೇಕು ಎಂದೆ.
ಅಕ್ಕ, ಅಂದಳು,
ಒಗ್ಗರಣೆಯ ವಾಸನೆ ಬಂದ ಕಡೆಗೆ ಮುಖ ತಿರುಗಿಸಿ.

ಅ-ಗೆ ಒಂದು ಚುಕ್ಕೆ. ಆಮೇಲೊಂದು ಒಂಟಿ ಚುಕ್ಕೆ,
ಒತ್ತು ಉಂಟು ಎಂದು ಮುಂಚೆಯೇ ಹೇಳಲಿಕ್ಕೆ.
ಆಮೇಲೆ ಕ, ಅದರ ಮಗ್ಗುಲಿಗೇ ಇನ್ನೊಂದು ಕ.
ಒಟ್ಟು ಆರು ಬೀಜ.
"ನಿಮ್ಮ ಬರವಣಿಗೆಯಲ್ಲಿ ಎರಡನೆಯ ಕ ಎಲ್ಲಿ ಕೂರುತ್ತದೆ?"
"ಕೆಳಗೆ. ಮೊದಲನೆಯದರ ಕಾಲಡಿ."
"ಕೆಳಗಾ?
ಎಂತ ತಪ್ಪು ಮಾಡಿದ್ದು ಅದು?"

ಬೇಬಿಯಕ್ಕ ಸೌಟು ಹಿಡಿದೇ ನಕ್ಕಳು.
ನಾನು ಹೇಳಲು ಬಾಯಿ ತೆರೆದೆ,
ಅಷ್ಟರಲ್ಲಿ ಊಟದ ಬೆಲ್ಲು.
ಮಕ್ಕಳು ಬಟ್ಟಲು ಬಡಿಯುತ್ತ ಓಡಿದರು.
ಅವಳು ಬೀಜಗಳನ್ನು ಎಣಿಸಿ ಡಬ್ಬಿಗೆ ಹಾಕಿ
ಒಂದು ಕಮ್ಮಿ ಉಂಟು ಎಂದು ನೆಲ ತಡವತೊಡಗಿದಳು.
ಸಿಕ್ಕಿದ ಮೇಲೆಯೇ ಎದ್ದದ್ದು.

ಈಗ ಏಪ್ರಿಲ್. ಪೆನ್ಸಿಲು ಒರಸಿಯಾಗಿದೆ.
ಜೂನಿಗೆ ಯಾವ ಶಾಲೆ, ಯಾವ ವಾರ,
ಕೇಳಿದರೆ ಲಿಸ್ಟು ಬರಲಿ ಎನ್ನುತ್ತಾರೆ.
ನಿನ್ನೆ ಬೇಬಿಯಕ್ಕನ ಫೋನು:
"ಮೊಟ್ಟೆ ಎಂದು ಬರೆಯಲಿಕ್ಕೆ ನನಗೂ ಕಲಿಸಿದಳು ಟೀಚರ್.
ತಪ್ಪಿದರೆ ಬೈಯುತ್ತಾಳೆ."

ನೆರೆಮನೆಯವರು ಕರೆಯಲು ಬಂದಿದ್ದಾರೆ.
ಹರಿವಾಣದಿಂದ ಕಾಗದ ಎತ್ತಿಕೊಂಡವಳು
ಯಾರ ಮದುವೆ ಎಂದು ನೋಡುವ ಮೊದಲು
ಮಗುಚಿ,
ಹಿಂಬದಿ ಖಾಲಿ ಉಂಟಾ ಎಂದು
ಹೆಬ್ಬೆರಳಾಡಿಸುತ್ತೇನೆ.