ಗಂಟೆಗೆ ನಾಲ್ಕು ಹನಿ

ಪಂಪು ಸದ್ದು ಮಾಡುವುದಿಲ್ಲ. ಮಾಡಿದ್ದರೆ
ಲೆಕ್ಕವಾದರೂ ಇಡುತ್ತಿದ್ದೆ.
ಹಸಿರು ಅಂಕಿಯೊಂದು, ಅಷ್ಟೆ. ಅದೂ ಬದಲಾಗುವುದು
ನಾನು ಬೇರೆಡೆ ನೋಡಿದಾಗ.

ಖ್ರೋನಿಂಗನ್ ಆಸ್ಪತ್ರೆ, ನಾಲ್ಕನೇ ಮಹಡಿ, ನವೆಂಬರ್.
ಕೆಳಗೆ ಸೈಕಲ್ಲುಗಳು ಒದ್ದೆಯಾಗಿ ಒಂದಕ್ಕೊಂದು ಒರಗಿವೆ.
ಹಾಸಿಗೆಯಲ್ಲಿ ವೀಬ್ರೆನ್. ಬೋಳಿಸಿದ ತಲೆ,
ಅದರಲ್ಲಿ ಎರಡು ತೂತು,
ತೂತಿನೊಳಗೆ ದಾರದಷ್ಟು ಸಣ್ಣ ಕೊಳವೆ.
ಮೂವತ್ತೊಂದು ವರ್ಷ ಕಡಲೊಡ್ಡು ಕಾದವನು,
ನೀರಿಲಿ ಕೊರೆದ ಬಿಲವನ್ನು
ಕತ್ತಲಲ್ಲೂ ಕಾಲಲ್ಲೇ ಮುಟ್ಟಿ ಹುಡುಕುತ್ತಿದ್ದವನು.

ರಕ್ತಕ್ಕೂ ಮೆದುಳಿಗೂ ನಡುವೆ ಗೋಡೆಯಿದೆ
ಎಂದಿದ್ದರು ಡಾಕ್ಟರ್ ತಾಮೆಲಿಂಗ್.
ವಿಷವನ್ನು ಬಿಡದು, ಮದ್ದನ್ನೂ ಬಿಡದು.
ಯಾವುದು ಯಾವುದೆಂದು ಗೋಡೆಗೇನು ಗೊತ್ತು?
ಗಡ್ಡೆಗೋ, ಅದು ಒಳಗೇ ಹುಟ್ಟಿದ್ದು.
ಯಾರ ಅಪ್ಪಣೆ ಬೇಕು ಅದಕ್ಕೆ.

ಅಷ್ಟರಲ್ಲಿ ಅವನ ಮಾತು ಉದುರತೊಡಗಿತ್ತು.
ಒಡ್ಡು ಎಂಬ ಪದವೇ ಹೋಗಿ
‘ಆ ಉದ್ದದ್ದು’ ಎನ್ನುತ್ತಿದ್ದ.
ಒಂದು ದಿನ ನನ್ನನ್ನು
ಸತ್ತ ನಾಯಿಯ ಹೆಸರಿಂದ ಕರೆದ. ಓಗೊಟ್ಟೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನು
ಹಾಳೆ ಮಗುಚಿ ಚಿತ್ರ ಬರೆದ:
ಮಣ್ಣು. ಮಣ್ಣಿನಲ್ಲಿ ಪೈಪು. ಪೈಪಿನ ಮೈಗುಂಟ
ಹಿಂದಕ್ಕೆ ಓಡುವ ಬಾಣ.
ಡಾಕ್ಟರ್ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದರು.
‘ಇದೇ ನಮ್ಮ ಭಯ’ ಎಂದರು.
ಅವಸರ ಮಾಡಿದರೆ ಮದ್ದು ಮುಂದೆ ಹೋಗದು,
ಬಂದ ದಾರಿಯ ಪಕ್ಕದಲ್ಲೇ ತೆವಳಿ ವಾಪಸು ಬರುತ್ತದೆ.

ವೀಬ್ರೆನ್ ಅಂಗೈ ತಗ್ಗಿಸಿದ, ತೂಬಿನ ಹುಡುಗರಿಗೆ
ತೋರಿಸುತ್ತಿದ್ದ ಹಾಗೆ. ಮೆಲ್ಲಗೆ.
ಗಂಟೆಗೆ ಆರು ಹನಿ ಎಂದಿದ್ದದ್ದು ನಾಲ್ಕಾಯಿತು.
ಅವನಿಂದಲೋ, ಮೊದಲೇ ತೀರ್ಮಾನವಾಗಿತ್ತೋ,
ನಾನು ಕೇಳಲಿಲ್ಲ.

ಹನಿ ಹನಿ ಕೂಡಿ ಹಳ್ಳವಾಗುವುದು ಬೇಡ ಇಲ್ಲಿ.
ಹಳ್ಳವಾದರೆ ಕೆಟ್ಟಿತು.
ಇಂಗಬೇಕು. ಗಡ್ಡೆ ಬೇರು ಬಿಟ್ಟ ಕಡೆಗೆಲ್ಲ,
ಕತ್ತಿ ಹೋಗಲಾರದ ಕಡೆಗೆಲ್ಲ,
ಅವನ ಲೆಕ್ಕಪಾಠ, ಅವನ ಅಮ್ಮನ ಬೈಗುಳ,
ಹುಲ್ಲಿನ ಹೆಸರುಗಳು ಇರುವ ಜಾಗದ ನಡುವಿಂದಲೇ
ಯಾವುದನ್ನೂ ತೋಯಿಸದೆ
(ಇದು ಸಾಧ್ಯವೇ? ಕೇಳಿದೆ. ನೋಡೋಣ ಅಂದರು.)
ಇಂಗಬೇಕು.

ರಾತ್ರಿ ಮೂರು. ಬೆಳಗಿನ ತನಕ ಬಿಟ್ಟರೂ
ಅರ್ಧ ಚಮಚ ಆಗಬಹುದು.
ಅವನಿಗೆ ಎಚ್ಚರ. ಕಣ್ಣಲ್ಲೇ ‘ಎಷ್ಟು?’
ನಾಲ್ಕು ಬೆರಳು ತೋರಿಸಿದೆ.
ತಲೆಯಾಡಿಸುವಂತಿಲ್ಲ, ಆಡಿಸಲಿಲ್ಲ.
ನಾನೇನೂ ಮಾಡುತ್ತಿರಲಿಲ್ಲ, ಅವನ ಪಾದ ಹಿಡಿದು
ಸುಮ್ಮನೆ ಕೂತಿದ್ದೆ, ಅಷ್ಟೆ.
ಆದರೂ ಹೊದಿಕೆಯ ಮೇಲೆ ಅವನ ಅಂಗೈ
ನನ್ನ ಕಡೆಗೆ ತಗ್ಗಿತು:
ಮೆಲ್ಲಗೆ.