ಸೊನ್ನೆ, ಏಳು ನಿಮಿಷ

ಕಂಪ್ಯೂಟರೆಂದರೆ ಆಗ ಬರೀ ಒಂದು ಕೀಲಿಮಣೆ.
ರಬ್ಬರಿನ ಗುಂಡಿಗಳು, ಒತ್ತಿದರೆ ಮೆತ್ತಗೆ, ಹಸುಗೂಸಿನ ಕಿವಿಯ ಹಾಗೆ.
ಉಳಿದದ್ದನ್ನು ಮೊಯ್ದುಕಾಕ ಕೂಡಿಸಿಕೊಂಡಿದ್ದರು:
ಯಾರೋ ರಿಪೇರಿಗೆ ಕೊಟ್ಟು ಬಿಡಿಸಿಕೊಳ್ಳದೆ ಹೋದ ಟಿವಿ,
ನೂರು ಮದುವೆಮನೆ ಸುತ್ತಿ ಬಂದ ಟೇಪ್‌ರೆಕಾರ್ಡರು,
ವೋಲ್ಟೇಜು ಬಿದ್ದಾಗ ಗೊರಕೆ ಹೊಡೆಯುವ ಸ್ಟೆಬಿಲೈಸರು.
ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಗಲ್ಲಿ,
ಎಂಬತ್ತೊಂಬತ್ತರ ಜನವರಿ.
ಕೀಲಿಮಣೆ ದುಬೈಯಿಂದ ಬಂದದ್ದು, ಭಾವಮೈದುನನ ಪೆಟ್ಟಿಗೆಯಲ್ಲಿ,
ಅತ್ತರಿನ ಬಾಟಲಿಗೂ ಕಂಬಳಿಗೂ ನಡುವೆ.

ಆಟ ಇರುತ್ತಿದ್ದುದು ಕ್ಯಾಸೆಟ್ಟಿನಲ್ಲಿ.
ಟೇಪು ಓಡಿಸಿದರೆ
ಜೀರುಂಡೆಗಳನ್ನು ಡಬ್ಬಿಗೆ ತುಂಬಿ ಅಲ್ಲಾಡಿಸಿದಂಥ ಕಿರುಚು.
ಕಾಕ ಕಣ್ಣು ಮುಚ್ಚಿ ಕೇಳುತ್ತಿದ್ದರು,
ಹೆಡ್ಡಿನ ಪಕ್ಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ:
"ಇನ್ನೂ ಸ್ವಲ್ಪ ಕರ್ಕಶ ಬರಬೇಕು... ಹಾಂ."
ಹತ್ತು ನಿಮಿಷ. ಯಾರೂ ಉಸಿರೆತ್ತುವ ಹಾಗಿಲ್ಲ.
ಒಂಬತ್ತನೆಯ ನಿಮಿಷಕ್ಕೆ ಪಕ್ಕದ ಹಿಟ್ಟಿನ ಗಿರಣಿ ಶುರುವಾದರೆ
ಮತ್ತೆ ಮೊದಲಿಂದ.
ತಾಳ್ಮೆ ಕಲಿತದ್ದು ನಾನು ಅಲ್ಲಿ;
ಚರ್ಚಿನಲ್ಲಿ ಅಂತ ಅಮ್ಮ ನಂಬಿದ್ದಳು.

ಆಟವೇನು ಮಹಾ. ಕೆಳಗೆ ನಮ್ಮದೊಂದು ಪುಟ್ಟ ಹಡಗು.
ಮೇಲಿಂದ ಅವರು ಬರುತ್ತಾರೆ, ಸಾಲುಸಾಲು,
ಚೌಕಚೌಕದ ಮೈ, ಎರಡೆರಡು ಕಾಲು.
ಗುಂಡಿ ಒತ್ತಿದರೆ ಗುಂಡು,
ಒಬ್ಬ ಬಿದ್ದರೆ ಹತ್ತು ಅಂಕ.
ಮೂರು ಜೀವಕ್ಕೆ ಐವತ್ತು ಪೈಸೆ.
ಕರೆಂಟು ಹೋದರೆ ಅಂಕವೂ ಹೋಯಿತು, ಆ ಯಂತ್ರಕ್ಕೆ ನೆನಪಿಲ್ಲ.
ಅದಕ್ಕೇ ಕಾಕ ಬರೆದಿಡುತ್ತಿದ್ದರು
ರಿಪೇರಿ ಲೆಕ್ಕದ ಪುಸ್ತಕದ ಹಿಂಬದಿಯಿಂದ:
ಸಿಲ್ವೆಸ್ಟರ್, ೩೪೨೦.
ರಜಿಯಾ, ೪೧೦೦.
ಬೆಳ್ಯಪ್ಪ, ೨೯೦೦, ಜಗಳ ಮಾಡಿದ.
ನಾನೊಮ್ಮೆ ಐದು ಸಾವಿರ ದಾಟಿದೆ. ಆ ವಾರವೆಲ್ಲ
ಜಪಸರ ಹಿಡಿದಾಗಲೂ ಹೆಬ್ಬೆರಳು ಒತ್ತುತ್ತಲೇ ಇತ್ತು.

ಬುಧವಾರ, ಸಂತೆಯ ದಿನ, ಹವಾಲ್ದಾರ್ ಪೂವಯ್ಯ ಬಂದರು,
ಕಂಕುಳಲ್ಲಿ ಬಟ್ಟೆ ಸುತ್ತಿದ ರೇಡಿಯೊ.
ಕೈಲ್ ಮುಹೂರ್ತದಲ್ಲಿ ಪ್ರತಿ ವರ್ಷ
ಮರದ ತುದಿಯ ತೆಂಗಿನಕಾಯಿ ಒಂದೇ ಏಟಿಗೆ ಒಡೆಯುವ ಕೈ.
"ಅಜ್ಜ, ಒಂದಾಟ ಆಡಿ" ಅಂದೆವು.
ನನ್ನ ಐದು ಸಾವಿರಕ್ಕೆ ಇವತ್ತು ಮಣ್ಣು ಅಂದುಕೊಂಡೆ.

ಕೂತರು. ಕನ್ನಡಕ ಒರೆಸಿಕೊಂಡರು.
ಎಡಕ್ಕೆ ಹೋಗುವ ಗುಂಡಿ ಯಾವುದು, ಕೇಳಿದರು.
ಬಲಕ್ಕೆ ಯಾವುದು, ಕೇಳಿದರು.
ಮೂರನೆಯದನ್ನು ಕೇಳಲಿಲ್ಲ.

ಮೊದಲ ಸಾಲು ಬಂತು. ಹಡಗು ಸರಿಯಿತು.
ಇನ್ನೊಂದು ಸಾಲು. ಇಬ್ಬರ ನಡುವಿನ ಸಂದಿಯಲ್ಲಿ ನಿಂತಿತು,
ಸಂತೆಬಸ್ಸಿನಲ್ಲಿ ಮೊಟ್ಟೆಬುಟ್ಟಿ ಹಿಡಿದವರ ಹಾಗೆ,
ಯಾರಿಗೂ ತಾಗದೆ.
"ಹೊಡೀರಿ!" ಬೆಳ್ಯಪ್ಪ ಕುಣಿದ.
"ನಡುವಿನ ಗುಂಡಿ, ಅಜ್ಜ, ನಡುವಿನದು!"
ಅವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.
ಎಡಕ್ಕೆ. ಬಲಕ್ಕೆ. ಸ್ವಲ್ಪ ನಿಂತು, ಮತ್ತೆ ಎಡಕ್ಕೆ.
ಒಬ್ಬೊಬ್ಬರೇ ಕೂಗುವುದನ್ನು ಬಿಟ್ಟೆವು.
ಗಿರಣಿಯೂ ಯಾಕೋ ಸುಮ್ಮನಿತ್ತು.

ಕೊನೆಗೆ ಮೂರು ಜೀವವೂ ಮುಗಿದು
ತೆರೆಯ ಮೇಲೆ ಸೊನ್ನೆಯೊಂದು ಮಿಣುಕತೊಡಗಿತು.
ಎದ್ದರು. ಐವತ್ತು ಪೈಸೆ ಎಣಿಸಿಟ್ಟರು.
"ತುಂಬ ಜನ ಬರ್ತಾರೆ" ಅಂದರು, ಯಾರಿಗೂ ಅಲ್ಲದ ಹಾಗೆ.
ಒಣಮೀನು ತರಲು ಸಂತೆಗೆ ಹೋದರು,
ರೇಡಿಯೊ ಮರೆತು.

ಕಾಕ ಪೆನ್ನು ಹಿಡಿದು ಸುಮಾರು ಹೊತ್ತು ಕೂತಿದ್ದರು.
ಆಮೇಲೆ ಬರೆದರು: ಪೂವಯ್ಯ, ೦.
ಗೋಡೆ ಗಡಿಯಾರ ನೋಡಿ, ಪಕ್ಕದಲ್ಲಿ: ಏಳು ನಿಮಿಷ.
ಇಡೀ ಪುಸ್ತಕದಲ್ಲಿ ಬೇರೆ ಯಾರ ಹೆಸರಿನ ಮುಂದೂ ನಿಮಿಷವಿಲ್ಲ.

ಮೊನ್ನೆ, ಹಲ್ಲಿನ ಡಾಕ್ಟರ ಬಾಗಿಲಲ್ಲಿ ಸರದಿಗೆ ಕೂತಾಗ
ಫೋನಿನಲ್ಲಿ ಆ ಆಟ ಸಿಕ್ಕಿತು.
ಮುಟ್ಟಿದ್ದೇ ತಡ ತೆರೆದುಕೊಂಡಿತು, ಜೀರುಂಡೆಯಿಲ್ಲ, ತಿರುಪಿಲ್ಲ.
ಹೊಡೆಯಬಾರದು ಅಂತ ನಿಶ್ಚಯಿಸಿ ಶುರು ಮಾಡಿದೆ.
ಎಡಕ್ಕೆ. ಬಲಕ್ಕೆ.
ನಲವತ್ತು ಸೆಕೆಂಡು ಆಗಿರಬೇಕು;
ಒಬ್ಬ ತೀರ ಹತ್ತಿರ ಬಂದ,
ಚೌಕಚೌಕದ ಮೈ, ಎರಡು ಕಾಲು.
ಹೆಬ್ಬೆರಳು ನನ್ನನ್ನು ಕೇಳಲಿಲ್ಲ.

ಹತ್ತು ಅಂಕ.