ಹಸ್ಕ್ ಹುಡುಕಿದ ರಾತ್ರಿ

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಹಗಲೆಲ್ಲ ಕರಿಬೀಜ ಆರಿಸಿ ಬಂದು
ತನುಜಾಳ ಡಿಕ್ಷನರಿ ತೆರೆದೆ.
ಮೂಟೆಯ ಮೇಲಿದ್ದ ಪದ: ಹಸ್ಕ್.

ಹೊಟ್ಟು, ಅಂತಿತ್ತು. ಅಷ್ಟೇ.
ತಲೆಗೂದಲಲ್ಲಿ ಇನ್ನೂ ಅದೇ ಕೂತಿತ್ತು.

ಬೆರಳು ಮೇಲೆ ಸರಿಯಿತು.
ಹಶ್: ಸುಮ್ಮನಿರು.
ಅದರ ಮೇಲೆ ಬೇಸಾಯದ್ದೊಂದು,
ನಮಗೆಲ್ಲಿಯ ಜಮೀನು, ದಾಟಿದೆ.
ಅದಕ್ಕೂ ಮೇಲೆ ಹಸ್ಬೆಂಡ್.
ಅರ್ಥ ಓದಲಿಲ್ಲ,
ಗೋಡೆಯಾಚೆ ಗೊರಕೆ ಹೊಡೆಯುತ್ತಿತ್ತು.

ನಮ್ಮ ಕನ್ನಡದಲ್ಲಾದರೆ
ಗಂಡನ ಹಿಂದೆ ಗಂಜಿ, ಗಂಟಲು, ಗಂಟು;
ಮುಂದೆ ಗಂಡಾಂತರ.
ನಕ್ಕುಬಿಟ್ಟೆ.
ತನುಜಾ ಮಗ್ಗುಲು ಬದಲಿಸಿದಳು.

ಹೊಟ್ಟಿನ ಕೆಳಗೆ, ಪುಟದ ತಳದಲ್ಲಿ
ಇನ್ನೊಂದಿತ್ತು: ಹಸ್ಕಿ.
ಗೊಗ್ಗರು ದನಿ,
ಧೂಳು ಕುಡಿದ ಗಂಟಲಿನದು.

ಇದು ನನ್ನದೇ ಅನ್ನಿಸಿ
ಜೋರಾಗಿ ಓದಿದೆ.
ಗೊರಕೆ ನಿಂತಿತು.
ಇನ್ನೊಂದು ಸಲ ಓದಿದೆ.